ಹನ್ನೊಂದನೆಯ ಉತ್ತರ

ಯಾದವಗಿರಿಯ ಆ ಶುಶ್ರೂಷಾ ಕೇಂದ್ರದವರು ವಿಚಾರಣೆಗೆಂದು ಬಿಟ್ಟುಕೊಟ್ಟಿದ್ದು ವ್ಯಾಯಾಮದ ಕೋಣೆಯನ್ನು. ಪಾರ್ಶ್ವವಾಯು ಹೊಡೆದವರು ಮತ್ತೆ ನಡೆಯಲು ಕಲಿಯುವುದಕ್ಕೆ ನೆಟ್ಟಿದ್ದ ಎರಡು ಉಕ್ಕಿನ ಕಂಬಿಗಳ ಪಕ್ಕದಲ್ಲಿ ಮೇಜು ಹಾಕಿದ್ದರು. ಮೇಜಿನ ಒಂದು ತುದಿಗೆ ವಿಚಾರಣಾಧಿಕಾರಿ, ಇನ್ನೊಂದು ತುದಿಗೆ ಲ್ಯಾಪ್‌ಟಾಪ್ ಮತ್ತು ನೋಟ್‌ಬುಕ್ ಇಟ್ಟುಕೊಂಡು ನಾನು. ಕೇಂದ್ರದ ಪರವಾಗಿ ಅಲ್ಲಿಯ ಆಡಳಿತಾಧಿಕಾರಿ. ಎದುರಿಗೆ ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ, ಸೆರಗನ್ನು ಹೆಗಲ ಮೇಲೆಲ್ಲ ಹೊದ್ದು, ಆರೋಪ ಹೊತ್ತಿದ್ದ ಆಯಾ.

ಸಂಸ್ಥೆಯೊಂದು ನೌಕರರನ್ನು ಕೆಲಸದಿಂದ ತೆಗೆಯುವ ಮುನ್ನ ಒಳಗೇ ಇಂಥದೊಂದು ವಿಚಾರಣೆ ನಡೆಸುತ್ತದೆ. ಅಲ್ಲಿ ಆಡಿದ ಮಾತನ್ನು ದಾಖಲೆಗೆ ಇಳಿಸುವುದು ನನ್ನ ಕೆಲಸ. ಇಳಿಸುವುದು ಎಂದರೆ ಆಡಿದ್ದನ್ನು ಆಡಿದ ಹಾಗೆ ಬರೆಯುವುದಲ್ಲ. ‘ನಾನ್ ಬೆಳಿಗ್ಗೇನೇ ಬಂದ್ಬುಟ್ಟಿದ್ದೆ’ ಎಂದು ಯಾರಾದರೂ ಹೇಳಿದರೆ ಅದು ‘ನಾನು ಬೆಳಗಿನ ಪಾಳಿಗೆ ನಿಗದಿತ ಸಮಯಕ್ಕೆ ಹಾಜರಾಗಿರುತ್ತೇನೆ’ ಎಂದಾಗಬೇಕು. ಅಳು, ಅಯ್ಯೋ, ಕಣ್ರೀ, ಅರ್ಧಕ್ಕೆ ನಿಲ್ಲಿಸಿದ ಮಾತು ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಜನ ಮಾತಾಡುವ ವೇಗಕ್ಕೆ ಕೀಲಿಮಣೆ ಸಾಲದು. ಹಾಗಾಗಿ ನಾನು ಮೊದಲು ಶೀಘ್ರಲಿಪಿಯಲ್ಲಿ ಅವರ ಮಾತನ್ನೇ ನೋಟ್‌ಬುಕ್ಕಿಗೆ ಹಾಕಿಕೊಂಡು, ನಂತರ ಕಚೇರಿ ಕನ್ನಡಕ್ಕೆ ತಿರುಗಿಸಿ ಟೈಪ್ ಮಾಡುತ್ತೇನೆ. ಈ ತಿರುಗಿಸುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಕಾರ್ಮಿಕ ಇಲಾಖೆಯಿಂದ ನಿವೃತ್ತರಾದ ಈ ವಿಚಾರಣಾಧಿಕಾರಿ ಪ್ರತಿ ಸಲ ನನ್ನನ್ನೇ ಕರೆಸುತ್ತಿದ್ದುದೂ ಅದಕ್ಕೇ.

ನಡೆದದ್ದು ಇಷ್ಟು. ಕೇಂದ್ರದಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಇದ್ದರು. ಪಾರ್ಶ್ವವಾಯುವಿನಿಂದ ಅವರಿಗೆ ನುಂಗುವ ಶಕ್ತಿ ಕುಂದಿತ್ತು. ಅಂಥವರಿಗೆ ಬರೀ ನೀರು ಅಪಾಯ. ಹೊಟ್ಟೆಗೆ ಇಳಿಯುವ ಬದಲು ಶ್ವಾಸಕೋಶಕ್ಕೆ ಹೋಗಿಬಿಡಬಹುದು. ಒಂದು ಬಗೆಯ ಪುಡಿ ಬೆರೆಸಿ, ನೀರನ್ನು ಗಂಜಿಯಷ್ಟು ಗಟ್ಟಿ ಮಾಡಿ, ತಲೆ ಎತ್ತಿ ಕೂರಿಸಿ, ಚಮಚದಲ್ಲಿ ಕೊಡಬೇಕು. ಈ ಆಯಾ ಅದುವರೆಗೆ ಕೆಳಗಿನ ಮಹಡಿಯಲ್ಲಿ, ಮೂಳೆ ಮುರಿದವರ ವಾರ್ಡಿನಲ್ಲಿ ಇದ್ದವರು. ಅಂದು ಬೆಳಿಗ್ಗೆ ಯಾರೋ ರಜೆ ಹಾಕಿದ್ದರಿಂದ ಇವರನ್ನು ಮೇಲಕ್ಕೆ ಕಳಿಸಿದ್ದರು. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಇವರು ಆ ಶಿಕ್ಷಕಿಗೆ ಲೋಟದಲ್ಲಿ ನೀರು ಕುಡಿಸಿದರು. ಕೆಮ್ಮು ಬಂತು, ಉಸಿರು ಕಟ್ಟಿತು. ದೊಡ್ಡ ಆಸ್ಪತ್ರೆಗೆ ಸಾಗಿಸಿದರೂ ಮರುದಿನ ಆ ತಾಯಿ ತೀರಿಕೊಂಡರು.

ಮೊದಲ ದಿನ ವಾರ್ಡಿನ ನರ್ಸ್ ಸಾಕ್ಷಿ ಹೇಳಿದರು. ಮಂಚದ ತಲೆಯ ಕಡೆ ಫಲಕವಿತ್ತು, ಅದರಲ್ಲಿ ಸೂಚನೆ ಇತ್ತು, ಅಷ್ಟೇ ಅವರ ಮಾತು. ಫಲಕದ ಫೋಟೋ ದಾಖಲೆಗೆ ಸೇರಿತು. ‘ದ್ರವಾಹಾರವನ್ನು ಸಾಂದ್ರೀಕರಿಸಿ ಮಾತ್ರ ನೀಡತಕ್ಕದ್ದು.’ ನಾನು ಅದನ್ನು ಓದಿ, ವಾಕ್ಯ ಶುದ್ಧವಾಗಿದೆ ಎಂದುಕೊಂಡೆ. ನಿಜವಾಗಿಯೂ ಅಷ್ಟನ್ನೇ ಅಂದುಕೊಂಡೆ.

ಎರಡನೆಯ ದಿನ ಆಯಾ ಅವರ ಸರದಿ. ಮೊದಲ ಹತ್ತು ಪ್ರಶ್ನೆಗಳು ಹೆಸರು, ಕೆಲಸಕ್ಕೆ ಸೇರಿದ್ದು, ಪಾಳಿ ಇಂಥವು. ಹನ್ನೊಂದನೆಯದಕ್ಕೆ ವಿಚಾರಣಾಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮಂಚದ ಹತ್ರ ಬೋರ್ಡ್ ಇತ್ತಲ್ಲಮ್ಮ, ನೋಡಿರ್ಲಿಲ್ವಾ? ಏನಾಯ್ತು ಅಂತ ನೀವೇ ಹೇಳಿ.”

“ಬೋರ್ಡ್ ನೋಡಿದ್ದೆ ಕಣ್ ಸಾಮಿ,” ಎಂದರು ಆಯಾ. “ಬಿಳೇ ಬೋರ್ಡು, ಕೆಂಪಕ್ಸರ. ಕೂಡ್ಸ್ಕಂಡ್ ಓದಕ್ ನೋಡ್ದೆ. ಸಾಂ ಅಂತ ಏನೋ ಇತ್ತು, ನಾಲ್ಗೆ ತಿರುಗ್ನಿಲ್ಲ. ಅದೇನ್ ಬರ್ದಿದ್ರೋ ನಂಗೆಂಗ್ ಗೊತ್ತಾಯ್ತದೆ? ಯಾರೂ ಬಾಯಲ್ ಯೋಳ್ನಿಲ್ಲ. ಆವಮ್ಮ ನೀರು ಅಂದ್ರು. ಮಾತ್ ಬತ್ತಿರ್ನಿಲ್ಲ ಅವ್ರ್ಗೆ, ಆದ್ರೂ ನೀರು ಅಂದ್ರು. ಮೂರ್ ಸಲ ಅಂದ್ರು. ಬಾಯಾರ್ದೋರ್ಗೆ ಇಲ್ಲ ಅನ್ನಕ್ಕಾಯ್ತದಾ ಸಾಮಿ? ತಲೆ ಎತ್ತಿ ಕುಡುಸ್ದೆ.” ಅಲ್ಲಿಗೆ ಅವರ ದನಿ ಒಡೆಯಿತು. ಎದೆಗೆ ಕೈ ಬಡಿದುಕೊಂಡರು. “ನನ್ ಕೈಯಾರೆ ನಾನೇ ಸಾಯಿಸ್ಬುಟ್ಟೆ ಕಣ್ರಪ್ಪೋ, ನಾನೇ ಸಾಯಿಸ್ಬುಟ್ಟೆ ಆ ದೇವ್ರಂತೋರ್ನ.”

ಆಡಳಿತಾಧಿಕಾರಿ ಕಿಟಕಿಯ ಕಡೆ ನೋಡಿದರು. ವಿಚಾರಣಾಧಿಕಾರಿ ನೀರಿನ ಬಾಟಲಿಯನ್ನು ಆಯಾ ಕಡೆಗೆ ಸರಿಸಿದರು. ಆಯಾ ಮುಟ್ಟಲಿಲ್ಲ.

“ಬೋರ್ಡ್ ನೋಡಿದ್ರು, ನೀರು ಕೊಟ್ರು, ಹಾಗಾಯ್ತು. ಅಷ್ಟು ಹಾಕ್ಕೊಳ್ಳಿ ಮೇಡಂ,” ಎಂದರು ಅಧಿಕಾರಿ ನನಗೆ. “ನೀವೇ ಹಾಕ್ಬಿಡಿ, ನಿಮಗೆ ಭಾಷೆ ಗೊತ್ತಲ್ಲ.”

ನಾನು ಟೈಪ್ ಮಾಡಿದೆ. ‘ಉತ್ತರ ೧೧: ಮಂಚದ ಬಳಿ ಅಳವಡಿಸಿದ್ದ ಸೂಚನಾ ಫಲಕವನ್ನು ನಾನು ಗಮನಿಸಿರುತ್ತೇನೆ. ಆದಾಗ್ಯೂ ಸದರಿ ರೋಗಿಗೆ ಲೋಟದಲ್ಲಿ ನೀರನ್ನು ಕುಡಿಸಿರುತ್ತೇನೆ. ಸದರಿಯವರ ಮರಣಕ್ಕೆ ನಾನೇ ಕಾರಣಳಾಗಿರುತ್ತೇನೆ.’

ಒಂದು ನಿಮಿಷ ಹಿಡಿದಿರಬಹುದು. ‘ಆದಾಗ್ಯೂ’ ಎಂಬ ಪದವನ್ನು ಅವರು ಜನ್ಮದಲ್ಲಿ ಆಡಿರಲಾರರು. ಎರಡು ವಾಕ್ಯಗಳನ್ನು ಬೆಸೆಯಲು ಏನಾದರೂ ಬೇಕಿತ್ತು, ಅದು ತಾನಾಗಿ ನನ್ನ ಬೆರಳಿಗೆ ಬಂತು.

ಪುಟಗಳನ್ನು ಪ್ರಿಂಟ್ ತೆಗೆದು ಓದಿ ಹೇಳಿದೆ. ದಾಖಲೆ ಓದುವುದಕ್ಕೆ ನಮ್ಮಲ್ಲಿ ಒಂದು ಓಟವಿದೆ, ದೇವಸ್ಥಾನದಲ್ಲಿ ಸಂಕಲ್ಪ ಹೇಳಿದಂತೆ. ಆಯಾ ತಲೆ ತಗ್ಗಿಸಿ ಕೇಳಿಸಿಕೊಂಡರು. ನಡುವೆ ಒಮ್ಮೆ ನನ್ನ ಮುಖ ನೋಡಿದರು. ನಾನು ನಿಲ್ಲಿಸಲಿಲ್ಲ. ಕೊನೆಗೆ ‘ಓದಿ ಹೇಳಲಾಗಿ ಸರಿ ಇದೆ ಎಂದು ಒಪ್ಪಿ ಸಹಿ ಮಾಡಿರುತ್ತೇನೆ’ ಎಂಬ ಸಾಲಿನ ಕೆಳಗೆ ಅವರು ಒಂದೊಂದೇ ಅಕ್ಷರ ಕೂರಿಸಿ ತಮ್ಮ ಹೆಸರು ಬರೆದರು.

ಒಂದು ವಾರದ ನಂತರ ಅಧಿಕಾರಿಯ ವರದಿಯ ಕೈಬರಹದ ಪ್ರತಿ ಟೈಪಿಗೆ ನನ್ನ ಮನೆಗೆ ಬಂತು. ಸರಸ್ವತಿಪುರಂನ ನಮ್ಮ ಮನೆಯ ಪಕ್ಕದಲ್ಲೇ ಟ್ಯುಟೋರಿಯಲ್ ಇದೆ. ಅಂದು ಬೆಳಿಗ್ಗೆ ಅಲ್ಲಿ ಯಾರೋ ಮೈಕಿನಲ್ಲಿ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಿದ್ದರು. ಆ ಸದ್ದಿನ ನಡುವೆ ಟೈಪ್ ಮಾಡುತ್ತಾ ಐದನೆಯ ಪುಟಕ್ಕೆ ಬಂದೆ. ‘ಆಪಾದಿತ ನೌಕರರು ಸೂಚನೆಯನ್ನು ತಾವು ಗಮನಿಸಿದ್ದಾಗಿಯೂ, ಆದಾಗ್ಯೂ ಅದನ್ನು ಉಲ್ಲಂಘಿಸಿ ನೀರು ಕುಡಿಸಿದ್ದಾಗಿಯೂ, ಮರಣಕ್ಕೆ ತಾವೇ ಕಾರಣರೆಂದೂ ಉತ್ತರ ೧೧ರಲ್ಲಿ ಸ್ವತಃ ಒಪ್ಪಿಕೊಂಡಿರುವುದರಿಂದ, ಮೌಖಿಕ ಸೂಚನೆ ನೀಡಲಾಗಿತ್ತೇ ಎಂಬ ಅಂಶವನ್ನು ಪರಿಶೀಲಿಸುವ ಅಗತ್ಯ ಕಂಡುಬರುವುದಿಲ್ಲ.’

ಆ ‘ಆದಾಗ್ಯೂ’ ನನ್ನದು.

ನೋಟ್‌ಬುಕ್ ತೆಗೆದೆ. ಶೀಘ್ರಲಿಪಿಯ ಗೆರೆಗಳು ಪದಕ್ಕೆ ಪದ ಇದ್ದವು. ಅವರು ‘ನೋಡಿದ್ದೆ’ ಎಂದಿದ್ದರು. ನೋಡುವುದು ಕಣ್ಣಿನ ಕೆಲಸ, ಗಮನಿಸುವುದು ತಿಳಿವಳಿಕೆಯ ಕೆಲಸ. ಕಚೇರಿ ಕನ್ನಡದಲ್ಲಿ ‘ನೋಡಿದ್ದೆ’ ಎಂದು ಬರೆದರೆ ಹಳ್ಳಿಯ ಮಾತಿನಂತೆ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ನಾನು ಬದಲಾಯಿಸಿದ್ದೆ. ಇನ್ನು ಸಾವಿನ ಮನೆಯಲ್ಲಿ ಹೆಂಗಸರು ‘ನಾನೇ ನಿನ್ನ ಕೊಂದ್ಬುಟ್ನಲ್ಲೋ’ ಎಂದು ಅಳುವುದನ್ನು ಕೇಳದವರು ಯಾರು? ಅದನ್ನು ಅಳು ಎಂದೇ ನಾವೆಲ್ಲ ತಿಳಿಯುತ್ತೇವೆ. ‘ಕಾರಣಳಾಗಿರುತ್ತೇನೆ’ ಎಂದು ಯಾರೂ ಅಳುವುದಿಲ್ಲ. ನಾನು ಅಳುವನ್ನು ತೆಗೆದುಕೊಂಡು ತಪ್ಪೊಪ್ಪಿಗೆ ಮಾಡಿಕೊಟ್ಟಿದ್ದೆ.

ಮಾರನೆಯ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಅಧಿಕಾರಿಯ ಮನೆಗೆ ಹೋದೆ. ಅವರು ವರಾಂಡದಲ್ಲಿ ಕೂರಿಸಿ ಕಾಫಿ ಕೊಟ್ಟರು. ನಾನು ಗೆರೆಗಳನ್ನು ತೋರಿಸಿ ಓದಿದೆ.

“ನೋಡೋದು, ಗಮನಿಸೋದು ಎರಡೂ ಒಂದೇ ಅಲ್ವೇನ್ರೀ?”

“ಅಲ್ಲ ಸರ್. ಅವರಿಗೆ ಆ ಬೋರ್ಡ್ ಅರ್ಥವೇ ಆಗಿರ್ಲಿಲ್ಲ. ಅದನ್ನೂ ಹೇಳಿದ್ರು, ನಾನು ಬಿಟ್ಬಿಟ್ಟೆ.”

“ಓದಿ ಹೇಳಿದ್ರೋ ಇಲ್ವೋ?”

“ಹೇಳಿದೆ ಸರ್. ಆದ್ರೆ ಆ ಭಾಷೆ ಅವರಿಗೆ...”

“ಸಹಿ ಹಾಕಿದ್ರೋ ಇಲ್ವೋ?”

“ಹಾಕಿದ್ರು.”

ಅವರು ಲೋಟ ಕೆಳಗಿಟ್ಟರು. ಕೆಟ್ಟವರಲ್ಲ. ಅವರ ಮುಖದಲ್ಲಿ ನಿಜವಾದ ಕಸಿವಿಸಿ ಇತ್ತು. “ನೋಡಿ ಮೇಡಂ, ನಿಮ್ಮ ನೋಟ್‌ಬುಕ್ ದಾಖಲೆ ಅಲ್ಲ. ಸಹಿ ಆಗಿರೋದು ದಾಖಲೆ. ನಾನು ಈಗ ಅದನ್ನ ಮುಟ್ಟಿದ್ರೆ ಇಡೀ ವಿಚಾರಣೆ ಬಿದ್ದೋಗುತ್ತೆ. ಆಕೆ ಮೇಲ್ಮನವಿ ಹಾಕ್ಕೊಳ್ಳಲಿ. ನೀವೂ ಬೇಕಾದ್ರೆ ಆಡಳಿತಕ್ಕೆ ಒಂದು ಪತ್ರ ಕೊಡಿ. ನಾನು ಬೇಡ ಅನ್ನಲ್ಲ.”

ಪತ್ರ ಕೊಟ್ಟೆ. ಅದನ್ನು ಬರೆಯಲು ಮೂರು ದಿನ ಹಿಡಿಯಿತು. ನಾನು ಮಾಡಿದ ತಪ್ಪನ್ನು ಸರಳವಾಗಿ ಹೇಳಿದರೆ ಗಂಭೀರವಾಗಿ ಕಾಣುತ್ತಿರಲಿಲ್ಲ. ಗಂಭೀರವಾಗಿ ಬರೆದರೆ ‘ಭಾಷಾಂತರದ ಹಂತದಲ್ಲಿ ಉಂಟಾದ ಅರ್ಥವ್ಯತ್ಯಾಸ’ ಎಂದಾಗಿ, ಯಾರೂ ಏನೂ ಮಾಡಿಲ್ಲವೆಂಬಂತೆ ಕೇಳಿಸುತ್ತಿತ್ತು. ಕೊನೆಗೆ ಶೀಘ್ರಲಿಪಿಯ ಪುಟದ ನಕಲು ತೆಗೆದು, ಅದರ ಕೆಳಗೆ ಆಯಾ ಆಡಿದ ಮಾತನ್ನು ಆಡಿದ ಹಾಗೆಯೇ ಬರೆದು ಲಗತ್ತಿಸಿದೆ. ವರದಿಯ ವಿರುದ್ಧ, ಜೊತೆಯ ಆಯಾಗಳು ಬರೆಸಿದ ಮೇಲ್ಮನವಿಯೂ ಆಯಾ ಪರವಾಗಿ ಹೋಯಿತು. ಹದಿನೈದು ದಿನಕ್ಕೆ ಎರಡಕ್ಕೂ ಸೇರಿ ಒಂದೇ ಹಾಳೆಯ ಉತ್ತರ. ಪರಿಶೀಲಿಸಲಾಗಿದೆ, ವಿಚಾರಣೆ ಮುಕ್ತಾಯಗೊಂಡಿದೆ, ಲಗತ್ತಿಸಿದ ಬರಹವು ಕಚೇರಿ ವ್ಯವಹಾರಕ್ಕೆ ತಕ್ಕ ಭಾಷೆಯಲ್ಲಿ ಇಲ್ಲದ ಕಾರಣ ಪರಿಗಣಿಸಲಾಗದು. ಆಯಾ ಅವರನ್ನು ಕೆಲಸದಿಂದ ವಜಾ ಮಾಡಿದರು. ಆ ಅಧಿಕಾರಿ ನನ್ನನ್ನು ಮತ್ತೆ ಕರೆಯಲಿಲ್ಲ.

ಉತ್ತರದ ಹಾಳೆ ಹಿಡಿದು ನಾನು ಆಯಾ ಅವರ ಮನೆ ಹುಡುಕಿಕೊಂಡು ಹೋದೆ. ಒಂಟಿಕೊಪ್ಪಲಿನ ಹಿಂಬದಿಯ ಒಂದು ವಠಾರ, ಐದು ಮನೆಗೆ ಒಂದೇ ನಲ್ಲಿ. ಅವರು ಬಾಗಿಲಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದರು. ನನ್ನನ್ನು ನೋಡಿ ಎದ್ದು, ಚಾಪೆ ಕೊಡವಿ ಹಾಸಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರ ಮಾತನ್ನು ಕೆಡಿಸಿದ್ದು ನಾನೇ ಎಂದೂ ಹೇಳಿದೆ.

ಅವರು ಹೂವಿನ ಎಳೆ ಬಿಡದೆ ಕೇಳಿಸಿಕೊಂಡರು. “ಕೆಲ್ಸ ಓದ್ರೆ ಓಗ್ಲಿ ಬುಡಿ ಅಕ್ಕ,” ಎಂದರು. “ಆವಮ್ಮನ ಮಗ್ಳವ್ರಲ್ಲ, ಕಾಲೇಜಲ್ಲಿ ಪಾಠ ಮಾಡೋರು, ಮೊನ್ನೆ ಗೇಟ್ ತಾವ್ ಸಿಕ್ಕುದ್ರು. ಸಂಬ್ಳ ಇಸ್ಕಳಕ್ ಓಗಿದ್ದೆ. ಕೈ ಮುಗುದ್ರೆ ಮಕ ತಿರುಗ್ಸ್ಕಂಡ್ ಓದ್ರು. ಅವ್ರ್ಗೂ ನಾನ್ ಸೈನ್ ಹಾಕಿದ್ ಕಾಗ್ದ ಕೊಟ್ಟವ್ರಂತೆ. ಬೇಕು ಅಂತ ಮಾಡ್ದೋಳು ಅಂತ ತಿಳ್ಕಂಡವ್ರೆ.” ಕಟ್ಟಿದ ಮಾಲೆಯನ್ನು ಪಕ್ಕಕ್ಕಿಟ್ಟು, “ಅಕ್ಕ, ಅವ್ರ್ಗೆ ಒಂದ್ ಕಾಗ್ದ ಬರ್ಕೊಡ್ತೀರಾ?” ಎಂದರು.

ನಾನು ಅದೇ ನೋಟ್‌ಬುಕ್ಕಿನ ಖಾಲಿ ಹಾಳೆ ಹರಿದೆ. ಅವರು ಹೇಳಿದರು, ನಾನು ಬರೆದೆ.

‘ತಾಯಿ, ನಿಮ್ಮವ್ವಾರು ಅವತ್ತು ಮೊಸರನ್ನ ಎರಡ್ ಚಮಚ ತಿಂದ್ರು. ನನ್ ಕೈ ಹಿಡ್ಕಂಡಿದ್ರು. ಆಮೇಲೆ ನೀರು ಅಂದ್ರು. ಮೂರ್ ಸಲ ಅಂದ್ರು. ಪುಡಿ ಹಾಕಿ ಕೊಡ್ಬೇಕು ಅಂತ ನಂಗೆ ಯಾರೂ ಯೋಳಿರ್ನಿಲ್ಲ, ದೇವ್ರಾಣೆ. ಎರಡು ಗುಟುಕು ಕುಡುದ್ರು. ಮಕ ತಂಪಾಯ್ತು. ಆಮೇಲೆ ಕೆಮ್ಮಿದ್ರು. ನಾನ್ ಓಡಾಡ್ದೆ, ಕೂಗ್ದೆ. ನನ್ ಕೈಯಾರೆ ನಾನೇ ಸಾಯಿಸ್ಬುಟ್ಟೆ ನಿಮ್ಮವ್ವಾರ್ನ. ನೀವ್ ಬೈದ್ರೂ ಸರಿ, ಒಡುದ್ರೂ ಸರಿ. ಮಕ ತಿರುಗುಸ್ಬೇಡಿ.’

ಸಾಯಿಸ್ಬುಟ್ಟೆ ಎಂಬಲ್ಲಿ ನನ್ನ ಪೆನ್ನು ನಿಂತಿತು.

“ಅಮ್ಮ, ಈ ಮಾತು ಬೇಡ. ತಪ್ಪು ತಿಳ್ಕೋತಾರೆ. ನನಗೆ ಬಹಳ ದುಃಖವಾಗಿದೆ ಅಂತ ಹಾಕೋಣ.”

“ಅಂಗಂದ್ರೆ ಯಾರೋ ದೊಡ್ಡೋರು ಬರ್ದಂಗಾಯ್ತದೆ ಅಕ್ಕ. ಅದೇ ಅಲ್ವಾ ನಾನ್ ಯೋಳ್ಬೇಕಾಗಿರದು? ಅದ್ನೇ ಬುಟ್ಟ್ರೆ ಇನ್ನೇನ್ ಯೋಳ್ದಂಗಾಯ್ತು?”

ಒಮ್ಮೆ ಅವರ ಮಾತನ್ನು ಬದಲಾಯಿಸಿ ನಾನು ಅವರನ್ನು ಮುಳುಗಿಸಿದ್ದೆ. ಈಗ ಮತ್ತೆ ಬದಲಾಯಿಸುವ ಹಕ್ಕು ನನಗೆಲ್ಲಿಯದು ಎನ್ನಿಸಿತು. ತಾಯಿ ಕಳೆದುಕೊಂಡ ಮಗಳು ಅಳುವನ್ನು ಅಳು ಎಂದು ಓದದೆ ಇರುತ್ತಾರೆಯೇ ಎಂದೂ ಅನ್ನಿಸಿತು. ನನ್ನ ಈ ಕೆಲಸದಲ್ಲಿ ಅಷ್ಟು ಪ್ರಾಮಾಣಿಕವಾಗಿ ನಾನು ಯಾವ ತೀರ್ಮಾನವನ್ನೂ ತೆಗೆದುಕೊಂಡಿಲ್ಲ. ಅವರು ಅಂದ ಹಾಗೆಯೇ ಬರೆದೆ. ಸಹಿ ಹಾಕಿಸಿ ನಾನೇ ಅಂಚೆಗೆ ಹಾಕಿದೆ.

ಉತ್ತರ ಬರಲಿಲ್ಲ. ಮೂರನೆಯ ವಾರ ಪೊಲೀಸ್ ಠಾಣೆಯಿಂದ ನನಗೆ ಕರೆ ಬಂತು.

ಮಗಳು ದೂರು ಕೊಟ್ಟಿದ್ದರು. ಸಬ್‌ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಎರಡು ಹಾಳೆ ಅಕ್ಕಪಕ್ಕ ಇಟ್ಟಿದ್ದರು. ಒಂದು ವಿಚಾರಣೆಯ ಹೇಳಿಕೆ, ಇನ್ನೊಂದು ನನ್ನ ಕೈಬರಹದ ಆ ಕಾಗದ. ಎರಡರಲ್ಲೂ ಒಂದೊಂದು ಸಾಲಿನ ಕೆಳಗೆ ಗೆರೆ ಎಳೆದಿದ್ದರು.

“ಅಲ್ಲೂ ಒಪ್ಕೊಂಡವ್ರೆ, ಇಲ್ಲೂ ಒಪ್ಕೊಂಡವ್ರೆ. ಅಲ್ಲಾದ್ರೆ ಯಾರೋ ಹೇಳಿ ಬರೆಸಿದ್ರು ಅನ್ಬೋದು. ಇದು ಅವ್ರದೇ ಮಾತು ತಾನೆ ಮೇಡಂ?”

“ಅವರದೇ ಮಾತು,” ಎಂದೆ. “ಆದರೆ ಅದು ಒಪ್ಕೊಂಡಿದ್ದಲ್ಲ ಸರ್. ಅತ್ತಿದ್ದು.”

ಅವರು ಒರಟರಲ್ಲ, ಪೂರ್ತಿ ಕೇಳಿದರು. ನನ್ನ ಹೇಳಿಕೆಯನ್ನೂ ಬರೆದುಕೊಂಡರು. ಅದರಲ್ಲಿ ನನ್ನ ಅರ್ಧ ಗಂಟೆಯ ವಿವರಣೆ ‘ಸದರಿ ಪತ್ರವನ್ನು ಆಪಾದಿತಳ ಕೋರಿಕೆಯ ಮೇರೆಗೆ ನಾನೇ ಬರೆದುಕೊಟ್ಟಿದ್ದು, ಅದರಲ್ಲಿನ ಒಕ್ಕಣೆ ಆಕೆಯದೇ ಆಗಿರುತ್ತದೆ’ ಎಂದು ಮುಗಿದಿತ್ತು. ಸುಳ್ಳೇನೂ ಇರಲಿಲ್ಲ. ಸಹಿ ಮಾಡಿದೆ.

ಅಲ್ಲಿಂದ ನೇರ ಜಯಲಕ್ಷ್ಮೀಪುರಂಗೆ, ಆ ಮಗಳ ಮನೆಗೆ ಹೋದೆ. ಹೋಗಬಾರದಿತ್ತೇನೋ. ಅವರು ಬಾಗಿಲಲ್ಲೇ ನಿಂತು ಮಾತಾಡಿದರು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ನಾನು ನೋಡುವುದಕ್ಕೂ ಗಮನಿಸುವುದಕ್ಕೂ ಇರುವ ವ್ಯತ್ಯಾಸದಿಂದ ಶುರು ಮಾಡಿದೆ.

“ನನಗೂ ಕನ್ನಡ ಓದೋಕೆ ಬರುತ್ತೆ,” ಎಂದರು. “ಅವರು ನೀರು ಕುಡಿಸಿದ್ದು ನಿಜ ತಾನೆ?”

“ನಿಜ.”

“ನಮ್ಮಮ್ಮ ಹೋಗಿದ್ದು ನಿಜ ತಾನೆ?”

“ನಿಜ ಕಣಮ್ಮ. ಆದರೆ ಅವರಿಗೆ ಹೇಳಬೇಕಾದವರು ಹೇಳಿರಲಿಲ್ಲ. ಆ ಬೋರ್ಡು...”

“ಕೇಂದ್ರದವರು ಬೋರ್ಡ್ ಹಾಕಿದ್ರು. ಫೋಟೋ ಇದೆ. ಹೇಳಲಿಲ್ಲ ಅನ್ನೋದಕ್ಕೆ ನಿಮ್ಮ ಹತ್ರ ಏನಿದೆ?”

ನನ್ನ ಬಳಿ ಇದ್ದುದು ಯಾರೂ ಒಪ್ಪದ ಗೆರೆಗಳು. ಅವರು ಬಾಗಿಲು ಹಾಕಿಕೊಳ್ಳಲಿಲ್ಲ. ನಾನು ಹೊರಡುವವರೆಗೆ ನಿಂತೇ ಇದ್ದರು. ಅದು ನನಗೆ ಇನ್ನೂ ಕಷ್ಟವಾಯಿತು.

ಈಗ ಮೊಕದ್ದಮೆ ನ್ಯಾಯಾಲಯದಲ್ಲಿದೆ. ಕೇಂದ್ರದ ಮೇಲೆ ಯಾವ ಆರೋಪವೂ ಇಲ್ಲ. ಫಲಕ ಇದ್ದಲ್ಲೇ ಇದೆ, ಅದೇ ಒಕ್ಕಣೆಯಲ್ಲಿ. ಪ್ರತಿ ತಾರೀಖಿಗೆ ಆಯಾ ಹೂವಿನ ಕೆಲಸ ಬಿಟ್ಟು ಬರುತ್ತಾರೆ. ನನಗೆ ಆದಾಗಲೆಲ್ಲ ಜೊತೆಗೆ ಹೋಗುತ್ತೇನೆ. ವಕೀಲರು ಒಳ್ಳೆಯ ಮಾತಾಡುತ್ತಾರೆ, ಭರವಸೆ ಕೊಡುವುದಿಲ್ಲ. ಎರಡು ಕಡೆ ಒಪ್ಪಿಗೆ ಇದೆಯಲ್ಲಾ ಎನ್ನುತ್ತಾರೆ.

ದೋಷಾರೋಪ ಪಟ್ಟಿಯ ಪ್ರತಿ ಸಿಕ್ಕ ದಿನ ನ್ಯಾಯಾಲಯದ ಹೊರಗೆ ಮರದ ಕೆಳಗೆ ಕೂತು ಅವರಿಗೆ ಓದಿ ಹೇಳಿದೆ. ಈ ಸಲ ಓಡಿಸಲಿಲ್ಲ. ಒಂದೊಂದು ವಾಕ್ಯ ಓದುವುದು, ನಿಲ್ಲಿಸುವುದು, ಮನೆ ಮಾತಿನಲ್ಲಿ ಹೇಳುವುದು. ಸಾಂದ್ರೀಕರಿಸಿ ಎಂದರೆ ಗಟ್ಟಿ ಮಾಡಿ ಎಂದು. ನಿರ್ಲಕ್ಷ್ಯ ಎಂದರೆ ಅಸಡ್ಡೆ ಎಂದು. ಕೃತ್ಯ ಎಂದರೆ ಮಾಡಿದ್ದು ಎಂದು. ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಅವರು ಎಲ್ಲಕ್ಕೂ ಹೂಂಗುಟ್ಟಿದರು.

ಮುಗಿದ ಮೇಲೆ ಕೇಳಿದರು: “ಅಕ್ಕ, ಆವಮ್ಮ ನೀರ್ ಕೇಳಿದ್ದು ಅದ್ರಲ್ಲಿ ಐತಾ?”

“ನಿಮ್ಮ ಕಾಗದದಲ್ಲಿ ಇದೆ. ಅದನ್ನ ಹಿಂದೆ ಲಗತ್ತಿಸಿದಾರೆ.”

“ಅದ್ ನಾನ್ ಯೋಳಿದ್ದು. ಅವ್ರು ಬರ್ದಿರದ್ರಲ್ಲಿ?”

ಗೊತ್ತಿದ್ದರೂ ನಾನು ಮೊದಲ ಪುಟಕ್ಕೆ ತಿರುಗಿ, ಬೆರಳಿಟ್ಟುಕೊಂಡು ಮತ್ತೊಮ್ಮೆ ಕೊನೆಯವರೆಗೆ ಹುಡುಕಿದೆ. ಕುಡಿಸಿರುತ್ತಾಳೆ ಎಂದು ನಾಲ್ಕು ಕಡೆ ಇತ್ತು.

“ಇಲ್ಲ ಕಣಮ್ಮ,” ಎಂದೆ.